ಮೊದಲು ನಿಲ್ಲೋದು, ರಿಂಗ್ ಆಮೇಲೆ

ಬ್ಯಾಸ್ಕೆಟ್‌ಬಾಲ್ ಕೈಗೆ ಸಿಕ್ಕ ಮಗು ಎರಡೇ ಕೆಲಸ ಮಾಡುತ್ತದೆ. ಒಂದೋ ಬಾಲನ್ನು ನೆಲಕ್ಕೆ ಬಡಿಯುತ್ತದೆ, ಇಲ್ಲವೋ ರಿಂಗಿನ ಕಡೆ ಬೀಸಿ ಒಗೆಯುತ್ತದೆ. ಹೊಸಬರಿಗೆ ಮೊದಲ ಕೆಲವು ವಾರ ನಾನು ಈ ಎರಡಕ್ಕೂ ಬಿಡುವುದಿಲ್ಲ. ಹಿಡಿ, ನಿಲ್ಲು, ಕೊಡು. ಇಷ್ಟೇ ಆಟ. ಕಾಂಪೌಂಡಿನಾಚೆ ನಿಂತು ನೋಡುವ ಅಪ್ಪ ಅಮ್ಮಂದಿರು, "ಇದೇನು ಮಿಸ್, ಬುಟ್ಟಿಗೆ ಹಾಕೋದೇ ಇಲ್ವಾ?" ಅಂತ ಕೇಳುತ್ತಾರೆ. ಮಕ್ಕಳಂತೂ ಗೊಣಗುತ್ತಲೇ ಇರುತ್ತಾರೆ. ಆದರೂ ಈ ಕ್ರಮ ಬಿಟ್ಟಿಲ್ಲ. ಯಾಕೆ ಬಿಟ್ಟಿಲ್ಲ, ಹೇಗೆ ಮಾಡಿಸುತ್ತೇನೆ ಅನ್ನುವುದನ್ನು ಬರೆಯುತ್ತಿದ್ದೇನೆ. ಯಾರಾದರೂ ಪಿಟಿ ಟೀಚರಿಗೋ, ಮಕ್ಕಳಿಗೆ ಹೇಳಿಕೊಡಬೇಕು ಅಂತಿರುವ ಅಣ್ಣ ಅಕ್ಕಂದಿರಿಗೋ ಉಪಯೋಗಕ್ಕೆ ಬರಲಿ.

ನಮ್ಮದು ಕೋಲಾರದಿಂದ ಸ್ವಲ್ಪ ದೂರದ ಸರ್ಕಾರಿ ಶಾಲೆ. ಪ್ರೈಮರಿ, ಹೈಸ್ಕೂಲು ಎರಡೂ ಒಂದೇ ಕಾಂಪೌಂಡಿನಲ್ಲಿವೆ. ಅಂಗಳ ಅರ್ಧ ಮಣ್ಣು, ಅರ್ಧ ಸಿಮೆಂಟು. ನನ್ನ ಹತ್ತಿರ ಬರುವವರು ಐದರಿಂದ ಎಂಟನೇ ಕ್ಲಾಸಿನವರು. ಸಂಜೆ ಬೆಲ್ ಹೊಡೆದ ಮೇಲೆ ಒಂದು ಗಂಟೆ ಸಿಗುತ್ತದೆ, ಅದೂ ಊರಿನ ಬಸ್ಸು ಬರುವ ತನಕ.

ಈ ಮಕ್ಕಳು ಬರಿಗೈಯಲ್ಲಿ ಬರುವುದಿಲ್ಲ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಬ್ಯಾಸ್ಕೆಟ್‌ಬಾಲ್ ಕಲಿಸುವ ಪುಸ್ತಕಗಳು ಏನೂ ಗೊತ್ತಿಲ್ಲದ ಮಗುವಿನಿಂದ ಶುರುಮಾಡುತ್ತವೆ. ನಮ್ಮ ಕಡೆಯ ಮಗು ಖೋಖೋ ಆಡಿರುತ್ತದೆ, ಕಬಡ್ಡಿ ಆಡಿರುತ್ತದೆ. ಹೆಣ್ಣುಮಕ್ಕಳಾದರೆ ಥ್ರೋಬಾಲ್ ಆಡಿಯೇ ಇರುತ್ತಾರೆ. ಒಂದೊಂದು ಆಟದಿಂದಲೂ ಒಂದು ಒಳ್ಳೆಯ ಅಭ್ಯಾಸ ಬಂದಿರುತ್ತದೆ, ಜೊತೆಗೆ ಒಂದು ಕೆಟ್ಟದ್ದೂ ಅಂಟಿಕೊಂಡಿರುತ್ತದೆ. ಖೋಖೋದವರ ಮಂಡಿ ತಾನಾಗಿಯೇ ಬಗ್ಗಿರುತ್ತದೆ, ದಿಕ್ಕು ಬದಲಾಯಿಸುವುದು ಹೇಳಿಕೊಡಬೇಕಾಗಿಲ್ಲ. ಆದರೆ ಅವರಿಗೆ ನಿಲ್ಲುವುದು ಗೊತ್ತಿಲ್ಲ, ಓಡುವುದೇ ಗೊತ್ತು. ಥ್ರೋಬಾಲಿನವರು ಎರಡೂ ಕೈಯಲ್ಲಿ ಅಚ್ಚುಕಟ್ಟಾಗಿ ಹಿಡಿಯುತ್ತಾರೆ, ಮೂರು ಸೆಕೆಂಡಿನೊಳಗೆ ಕಳಿಸಬೇಕು ಅನ್ನುವ ನಿಯಮ ಮೈಗೆ ಹತ್ತಿರುತ್ತದೆ. ಆದರೆ ಹೆಗಲ ಮೇಲಿಂದ ಒಂಟಿ ಕೈಯಲ್ಲಿ ಎತ್ತರಕ್ಕೆ ಎಸೆಯುತ್ತಾರೆ, ಬಾಲು ಗಾಳಿಯಲ್ಲಿ ತೇಲುವಾಗ ಎದುರಿನವರು ಆರಾಮಾಗಿ ಬಂದು ತೆಗೆದುಕೊಂಡು ಹೋಗುತ್ತಾರೆ. ಕಬಡ್ಡಿಯವರ ವಿಷಯ ಆಮೇಲೆ ಹೇಳುತ್ತೇನೆ, ಅದೇ ದೊಡ್ಡ ಕತೆ.

ನಿಲ್ಲುವುದರಿಂದ ಯಾಕೆ ಶುರು ಅಂದರೆ, ಈ ಆಟ ಹುಟ್ಟಿದ್ದೇ ಹಾಗೆ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಅನ್ನುವ ಮೇಷ್ಟ್ರಿಗೆ ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡುವ ಒಂದು ಆಟ ಬೇಕಿತ್ತು. ಅಲ್ಲಿನ ಫುಟ್‌ಬಾಲಿನಲ್ಲಿ ಬಾಲ್ ಹಿಡಿದು ಓಡುವವನನ್ನು ಕೆಡವುತ್ತಾರೆ, ಮರದ ಹಲಗೆಯ ನೆಲದ ಮೇಲೆ ಹಾಗೆ ಕೆಡವಿದರೆ ಕೈಕಾಲು ಉಳಿಯುವುದಿಲ್ಲ. ಆತ ಯೋಚಿಸಿದ್ದು ಹೀಗೆ: ಬಾಲ್ ಹಿಡಿದವನು ಓಡಲೇ ಬಾರದು ಅಂದರೆ ಅವನನ್ನು ಕೆಡವುವ ಅಗತ್ಯವೇ ಇಲ್ಲವಲ್ಲ! ಹಿಡಿದ ಜಾಗದಿಂದಲೇ ಎಸೆಯಬೇಕು, ಓಡುತ್ತಾ ಹಿಡಿದವನು ನಿಲ್ಲಲು ಪ್ರಯತ್ನಪಟ್ಟರೆ ಅಷ್ಟಕ್ಕೆ ರಿಯಾಯಿತಿ. ಆತ ಬರೆದ 13 ನಿಯಮಗಳಲ್ಲಿ ಇದೂ ಒಂದು. ನೆಲಕ್ಕೆ ಪುಟಿಸುತ್ತಾ ಮುಂದೆ ಹೋಗುವ ಡ್ರಿಬ್ಲಿಂಗ್ ಆ ನಿಯಮಗಳಲ್ಲಿ ಇರಲೇ ಇಲ್ಲ, ಅದು ಆಟ ಆಡುತ್ತಾ ಆಡುತ್ತಾ ಬಂದದ್ದು. ಆಟ ಯಾವ ಕ್ರಮದಲ್ಲಿ ಬೆಳೆಯಿತೋ ಅದೇ ಕ್ರಮದಲ್ಲಿ ಮಕ್ಕಳಿಗೂ ಕಲಿಸಿದರೆ ಸುಲಭ ಅನ್ನುವುದು ನನ್ನ ಲೆಕ್ಕ.

ಹಾಗಾಗಿ ನಮ್ಮಲ್ಲಿ ಮೊದಲ ದಿನ ಬಾಲೇ ಹೊರಗೆ ಬರುವುದಿಲ್ಲ. ಸೀಟಿ ಊದಿದರೆ ಓಡು, ಮತ್ತೆ ಊದಿದರೆ ಎರಡೂ ಪಾದ ಒಟ್ಟಿಗೆ ನೆಲಕ್ಕೆ ಊರಿ ನಿಲ್ಲು. ಕಾಲು ಹೆಗಲಿನಷ್ಟು ಅಗಲ, ಮಂಡಿ ಬಗ್ಗಿರಬೇಕು, ತಲೆ ಮೇಲಿರಬೇಕು. ನಿಂತ ಮೇಲೆ ನಾನು ಹೋಗಿ ಹೆಗಲಿಗೆ ಮೆಲ್ಲಗೆ ತಳ್ಳುತ್ತೇನೆ. ಮಂಡಿ ನೆಟ್ಟಗಿದ್ದ ಮಗು ಎರಡು ಹೆಜ್ಜೆ ಆಚೆ ಹೋಗುತ್ತದೆ, ಬಗ್ಗಿದ್ದದ್ದು ಕದಲುವುದಿಲ್ಲ. ಮುಂದೆ ಬೀಳುವವರನ್ನು ಕರೆದು ಹಿಮ್ಮಡಿ ನೋಡಿ ಅನ್ನುತ್ತೇನೆ. ಬೆರಳ ತುದಿಯ ಮೇಲೆ ನಿಂತಿರುತ್ತಾರೆ, ಹಿಮ್ಮಡಿ ನೆಲದಿಂದ ಎದ್ದಿರುತ್ತದೆ. ಸೊಂಟ ಇಳಿಸಿ ಪಾದವಿಡೀ ಊರಿದರೆ ಅಲ್ಲಿಗೆ ಸರಿಹೋಗುತ್ತದೆ.

ಆಮೇಲೆ ಪಿವೋಟ್, ಅಂದರೆ ಒಂದು ಕಾಲನ್ನು ನೆಲಕ್ಕೆ ಊರಿಟ್ಟು ಅದರ ಮೇಲೇ ತಿರುಗುವುದು. ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಿದರೆ ಯಾವ ಕಾಲನ್ನಾದರೂ ಪಿವೋಟ್ ಮಾಡಿಕೊಳ್ಳಬಹುದು. ಒಂದಾದ ಮೇಲೊಂದು ಮುಟ್ಟಿದರೆ ಮೊದಲು ಮುಟ್ಟಿದ ಕಾಲೇ ಪಿವೋಟ್, ಅದನ್ನು ಎಳೆದಾಡುವಂತಿಲ್ಲ, ಇನ್ನೊಂದು ಕಾಲನ್ನು ಸುತ್ತ ಎಲ್ಲಿ ಬೇಕಾದರೂ ಇಡಬಹುದು. ಇದನ್ನು ಬಾಯಲ್ಲಿ ಹೇಳಿದರೆ ಹೈಸ್ಕೂಲಿನವರಿಗೂ ತಲೆಗೆ ಹೋಗುವುದಿಲ್ಲ. ಖೋಖೋದಲ್ಲಿ ಚೇಸ್ ಮಾಡುವವಳು ಕಂಬ ಹಿಡಿದು ತಿರುಗುತ್ತಾಳಲ್ಲ, ಇಲ್ಲಿ ನಿನ್ನ ಒಂದು ಕಾಲೇ ಕಂಬ ಕಣಮ್ಮ ಅಂದೆ. ಅಲ್ಲಿಂದ ನಮ್ಮ ಶಾಲೆಯಲ್ಲಿ ಅದಕ್ಕೆ 'ಕಂಬದ ಕಾಲು' ಅಂತಲೇ ಹೆಸರು. ಮಕ್ಕಳೇ ಒಬ್ಬರಿಗೊಬ್ಬರು ಕಿರುಚುತ್ತಾರೆ, "ಏಯ್, ಕಂಬ ಎತ್ತಿದೆ, ಕಂಬ ಎತ್ತಿದೆ!"

ಈಗಿನ ಮಕ್ಕಳು ಮೊಬೈಲಿನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತುಣುಕುಗಳನ್ನು ನೋಡಿಕೊಂಡು ಬಂದು ವಾದ ಮಾಡುತ್ತಾರೆ, "ಅವರು ಮೂರು ಹೆಜ್ಜೆ ಹಾಕ್ತಾರಲ್ಲ ಮಿಸ್?" ಓಡುತ್ತಾ ಬಾಲ್ ಕೈಗೆ ತೆಗೆದುಕೊಳ್ಳುವಾಗ ನೆಲದ ಮೇಲಿರುವ ಕಾಲನ್ನು ಲೆಕ್ಕಕ್ಕೆ ಹಿಡಿಯದೆ ಆಮೇಲೆ ಎರಡು ಹೆಜ್ಜೆಗೆ ಅವಕಾಶ ಇದೆ, 2017ರಲ್ಲಿ ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಕೂಡ ತನ್ನ ನಿಯಮವನ್ನು ಹೀಗೇ ಬರೆಯಿತು. ಆದರೆ ಹತ್ತು ವರ್ಷದ ಮಗುವಿಗೆ ನಾನು ಆ ಸೂಕ್ಷ್ಮ ಹೇಳುವುದಿಲ್ಲ. ನಿಲ್ಲಲು ಬರದವರಿಗೆ ಈ ರಿಯಾಯಿತಿ ಗೊತ್ತಾದರೆ ಎಲ್ಲರೂ ಓಟಗಾರರೇ ಆಗಿಬಿಡುತ್ತಾರೆ. ಎಂಟನೇ ಕ್ಲಾಸಿಗೆ ಬರಲಿ, ಆಗ ನೋಡೋಣ ಅನ್ನುತ್ತೇನೆ.

ಪಾಸಿಂಗ್ ಮಣ್ಣಿನ ಅಂಗಳದಲ್ಲೇ ನಡೆಯುತ್ತದೆ. ಇದೇ ಇದರ ದೊಡ್ಡ ಅನುಕೂಲ, ಸಿಮೆಂಟ್ ಕೋರ್ಟ್ ಇಲ್ಲದ ಶಾಲೆಯೂ ಅರ್ಧ ಆಟ ಕಲಿಸಬಹುದು. ಎದೆಯ ಮಟ್ಟದಿಂದ ಎರಡೂ ಕೈಯಲ್ಲಿ ನೂಕಿ, ಬಿಟ್ಟ ಮೇಲೆ ಹೆಬ್ಬೆರಳು ನೆಲದ ಕಡೆ, ಅಂಗೈ ಹೊರಗಡೆ ತಿರುಗಿರಬೇಕು. ಹೆಬ್ಬೆರಳು ಆಕಾಶ ನೋಡುತ್ತಿದ್ದರೆ ಮಣಿಕಟ್ಟು ಕೆಲಸ ಮಾಡಿಲ್ಲ ಅಂತ ಅರ್ಥ. ಬೌನ್ಸ್ ಪಾಸಿಗೆ ಮಾತ್ರ ಸಿಮೆಂಟು ಬೇಕು. ಇಬ್ಬರ ನಡುವಿನ ದೂರವನ್ನು ಮೂರು ಪಾಲು ಮಾಡಿ, ಎರಡು ಪಾಲು ದಾಟಿದ ಜಾಗದಲ್ಲಿ ಸೀಮೆಸುಣ್ಣದಲ್ಲಿ ಒಂದು ಗುಂಡು ಬರೆದು ಅಲ್ಲಿ ಬೀಳಿಸಿ ಅನ್ನುತ್ತೇನೆ. ಆಗ ಬಾಲು ಹಿಡಿಯುವವರ ಸೊಂಟಕ್ಕೆ ಸರಿಯಾಗಿ ಏಳುತ್ತದೆ.

ಹಿಡಿಯುವುದೇ ನಿಜವಾದ ಕಷ್ಟ. ಬಾಲು ಹತ್ತಿರ ಬಂದಾಗ ಚಿಕ್ಕ ಮಕ್ಕಳು ಕಣ್ಣು ಮುಚ್ಚುತ್ತಾರೆ, ಮುಖ ತಿರುಗಿಸುತ್ತಾರೆ. ಬೈದರೆ ಇನ್ನೂ ಹೆದರುತ್ತಾರೆ. ಅಂಥವರಿಗೆ ಹಳೇ ವಾಲಿಬಾಲ್ ಕೊಡುತ್ತೇನೆ, ಸ್ವಲ್ಪ ಗಾಳಿ ಇಳಿಸಿ. ಮೂಗಿಗೆ ತಗುಲಿದರೂ ನೋಯುವುದಿಲ್ಲ ಅನ್ನುವುದು ಗೊತ್ತಾದ ಮೇಲೆ ಕಣ್ಣು ತಾನಾಗಿ ತೆರೆಯುತ್ತದೆ. ಇನ್ನೊಂದು ಕಡ್ಡಾಯ: ಪಾಸ್ ಬೇಕಾದವರು ಎರಡೂ ಕೈ ಮುಂದೆ ಚಾಚಿ, ಹತ್ತು ಬೆರಳು ಅಗಲಿಸಿ, ಕೊಡುವವರ ಹೆಸರು ಹಿಡಿದು ಕೂಗಬೇಕು. ಸುಮ್ಮನೆ ನಿಂತವರಿಗೆ ಬಾಲ್ ಇಲ್ಲ. ನಾಚಿಕೆಯ ಮಕ್ಕಳಿಗೆ ಇದು ಬಾಲಿಗಿಂತ ದೊಡ್ಡ ಪರೀಕ್ಷೆ. ಕ್ಲಾಸಿನಲ್ಲಿ 'ಹಾಜರ್' ಅನ್ನುವುದಕ್ಕೂ ಬಾಯಿ ಬಿಡದ ಹುಡುಗಿ ಅಂಗಳದಲ್ಲಿ ಹೆಸರು ಕೂಗುವಷ್ಟಾದರೆ ಅವಳ ಅರ್ಧ ಆಟ ಮುಗಿದ ಹಾಗೆ.

ಇಷ್ಟಾದ ಮೇಲೆ ರಿಂಗಿಲ್ಲದ ಆಟ. ನಾಲ್ಕು ಜನ, ನಾಲ್ಕು ಜನ. ಒಂದು ಕಡೆಯವರು ಬಾಲ್ ಕಳೆದುಕೊಳ್ಳದೆ ಐದು ಪಾಸ್ ಮಾಡಿದರೆ ಒಂದು ಪಾಯಿಂಟು. ಪುಟಿಸುವಂತಿಲ್ಲ, ಕೊಟ್ಟವರಿಗೇ ತಿರುಗಿ ಕೊಡುವಂತಿಲ್ಲ, ಕೊಟ್ಟವರು ಅಲ್ಲೇ ನಿಲ್ಲುವಂತಿಲ್ಲ. ಗಂಡು ಹುಡುಗರು ತಮ್ಮತಮ್ಮಲ್ಲೇ ಆಡಿಕೊಂಡು ಹೆಣ್ಣುಮಕ್ಕಳಿಗೆ ಕೊಡುವುದಿಲ್ಲ, ಅದಕ್ಕೆ ಎಲ್ಲರ ಕೈಗೂ ಒಮ್ಮೆ ಬಾಲ್ ಹೋಗದಿದ್ದರೆ ಪಾಯಿಂಟಿಲ್ಲ ಅನ್ನುವ ನಿಯಮ ಸೇರಿಸಿಕೊಂಡಿದ್ದೇವೆ. ಈ ಆಟ ನೋಡುವುದಕ್ಕೆ ಗಲಾಟೆಯಂತೆ ಕಾಣುತ್ತದೆ. ಆದರೆ ಖಾಲಿ ಜಾಗ ಎಲ್ಲಿದೆ ಅಂತ ಮಗು ಹುಡುಕಲು ಶುರುಮಾಡುವುದು ಇಲ್ಲೇ. ಮೊದಲು ಡ್ರಿಬ್ಲಿಂಗ್ ಕಲಿತ ಮಕ್ಕಳು ಬಾಲ್ ಸಿಕ್ಕ ಕೂಡಲೇ ತಲೆ ತಗ್ಗಿಸಿ ನೆಲಕ್ಕೆ ಬಡಿಯುತ್ತಾರೆ, ಪಕ್ಕದಲ್ಲಿ ಖಾಲಿ ನಿಂತ ಗೆಳತಿ ಅವರಿಗೆ ಕಾಣುವುದೇ ಇಲ್ಲ. ಅದನ್ನು ಬಿಡಿಸುವುದಕ್ಕೆ ಆಮೇಲೆ ವರ್ಷ ಹಿಡಿಯುತ್ತದೆ.

ಈಗ ಬಾಲು ಮತ್ತು ರಿಂಗು. ಇಲ್ಲಿ ನಾನು ಸ್ವಲ್ಪ ಹಟಮಾರಿ.

ಅಂಗಡಿಯಲ್ಲಿ 'ಬ್ಯಾಸ್ಕೆಟ್‌ಬಾಲ್ ಕೊಡಿ' ಅಂದರೆ ಸಾಮಾನ್ಯವಾಗಿ 7ನೇ ಸೈಜು ಕೊಡುತ್ತಾರೆ. ಅದು ದೊಡ್ಡ ಗಂಡಸರ ಬಾಲು, ತೂಕ 600 ಗ್ರಾಂ ಆಸುಪಾಸು. ಹೆಂಗಸರದು 6ನೇ ಸೈಜು. ಮಕ್ಕಳಿಗೆ ಬೇಕಾದದ್ದು 5ನೇ ಸೈಜು, ಸುತ್ತಳತೆ ಸುಮಾರು 70 ಸೆಂಟಿಮೀಟರ್, ತೂಕ ಅರ್ಧ ಕೇಜಿಯ ಒಳಗೆ. ನಂಬರು ಬಾಲಿನ ಮೇಲೇ ಅಚ್ಚಾಗಿರುತ್ತದೆ, ನೋಡಿ ತಗೊಳ್ಳಿ. ಸಿಮೆಂಟಿನ ಮೇಲೆ ಚರ್ಮದ ಬಾಲು ದುಡ್ಡು ದಂಡ, ಕೆಲವೇ ತಿಂಗಳಲ್ಲಿ ಸಿಪ್ಪೆ ಏಳುತ್ತದೆ. ರಬ್ಬರಿನದೇ ಸಾಕು. ಗಾಳಿ ತುಂಬುವಾಗ ಪಂಪಿನ ಸೂಜಿಯನ್ನು ಒದ್ದೆ ಮಾಡಿಕೊಂಡು ಚುಚ್ಚಬೇಕು, ಒಣಸೂಜಿ ಒಳಗಿನ ವಾಲ್ವ್ ಹರಿಯುತ್ತದೆ. ಗಾಳಿ ಸರಿಯಿದೆಯಾ ಅಂತ ನೋಡಲು ನನ್ನ ಹಣೆಯ ಮಟ್ಟದಿಂದ ಬಾಲ್ ಕೈಬಿಡುತ್ತೇನೆ, ಸೊಂಟ ದಾಟಿ ಮೇಲೆ ಬಂದರೆ ಸರಿ.

ರಿಂಗಿನ ಎತ್ತರ 10 ಅಡಿ, ಅಂದರೆ 3.05 ಮೀಟರ್. ಈ 10 ಅಡಿಗೆ ಯಾವ ಶಾಸ್ತ್ರವೂ ಇಲ್ಲ. ನೈಸ್ಮಿತ್ ಪೆಟ್ಟಿಗೆ ಕೇಳಿದರೆ ಕಟ್ಟಡ ನೋಡಿಕೊಳ್ಳುವವನು ಪೀಚ್ ಹಣ್ಣಿನ ಎರಡು ಬುಟ್ಟಿ ತಂದುಕೊಟ್ಟ. ಅವನ್ನು ಗ್ಯಾಲರಿಯ ಕಟಕಟೆಗೆ ಮೊಳೆ ಹೊಡೆದರು, ಆ ಕಟಕಟೆ 10 ಅಡಿ ಎತ್ತರದಲ್ಲಿತ್ತು. ಅಷ್ಟೇ ಕತೆ. ಬೆಳೆದ ಗಂಡಸರಿಗಾಗಿ ಸಿಕ್ಕ ಆ ಎತ್ತರವನ್ನು ನಮ್ಮ ಐದನೇ ಕ್ಲಾಸಿನ ಮಕ್ಕಳ ತಲೆಗೆ ಕಟ್ಟುವುದು ಯಾಕೆ? ಫಿಬಾದ ಮಿನಿ ಬ್ಯಾಸ್ಕೆಟ್‌ಬಾಲ್ ನಿಯಮದಲ್ಲೇ 12 ವರ್ಷದ ತನಕದ ಮಕ್ಕಳಿಗೆ ರಿಂಗ್ 2.60 ಮೀಟರ್, ಬಾಲು 5ನೇ ಸೈಜು ಅಂತಿದೆ.

10 ಅಡಿಯ ರಿಂಗಿಗೆ 7ನೇ ಸೈಜಿನ ಬಾಲನ್ನು ಎಸೆಯುವ ಪುಟ್ಟ ಮಗುವನ್ನು ಒಮ್ಮೆ ಪಕ್ಕದಿಂದ ನೋಡಿ. ಬಾಲನ್ನು ಸೊಂಟದ ಪಕ್ಕಕ್ಕೆ ಇಳಿಸುತ್ತದೆ, ಬೆನ್ನು ಹಿಂದಕ್ಕೆ ಬಾಗಿಸುತ್ತದೆ, ಎರಡೂ ಕೈಯಲ್ಲಿ ಸುತ್ತಿ ಎಸೆಯುತ್ತದೆ. ಹತ್ತರಲ್ಲಿ ಒಂದು ಒಳಗೆ ಬೀಳುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಆ ತಪ್ಪು ಅಭ್ಯಾಸ ಆ ಚಪ್ಪಾಳೆಯ ಜೊತೆಗೇ ಗಟ್ಟಿಯಾಗುತ್ತದೆ.

ಹಾಗಾಗಿ ಕೋಲಾರದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಕೂತು ಚಿಕ್ಕ ರಿಂಗ್ ಮಾಡಿಸಿದೆ. 16 ಎಂಎಂ ಸರಳು, ಒಳ ಅಳತೆ 45 ಸೆಂಟಿಮೀಟರ್. ವೆಲ್ಡಿಂಗ್ ಅಣ್ಣ ಬಗ್ಗಿಸಿದ್ದು ಮೊದಲು ಕೋಳಿಮೊಟ್ಟೆ ಆಕಾರ ಬಂತು, ಮತ್ತೆ ಕಾಯಿಸಿ ಬಡಿದು ಸರಿಮಾಡಿದ. ನೆಟ್ ಕಟ್ಟಲು ಕೊಕ್ಕೆ ಬೆಸೆಯುವಾಗ ಚೂಪಾದ ತುದಿ ಹೊರಗೆ ಉಳಿಯದಂತೆ ಉಜ್ಜಿಸಬೇಕು, ಬೆರಳು ಕೊಯ್ಯುವುದು ಅಲ್ಲೇ. ಇದ್ದ ಕಂಬಕ್ಕೇ ಕ್ಲಾಂಪ್ ಹಾಕಿ, ಬೋಲ್ಟ್ ಬಿಚ್ಚಿ ಮೇಲೆ ಕೆಳಗೆ ಮಾಡುವ ಹಾಗೆ ಕೂರಿಸಿದೆವು. ನೆಟ್ ಇರಲೇಬೇಕು. ನೆಟ್ ಇಲ್ಲದ ರಿಂಗಿನಲ್ಲಿ ಬಾಲು ಒಳಗೆ ಹೋಯಿತಾ ಹೊರಗೆ ಹೋಯಿತಾ ಅನ್ನುವುದೇ ಜಗಳ, ಜೊತೆಗೆ ಆ 'ಸರಕ್' ಅನ್ನುವ ಸದ್ದು ಮಕ್ಕಳಿಗೆ ಎಷ್ಟು ಖುಷಿ ಅನ್ನುವುದು ಕಲಿಸಿದವರಿಗೇ ಗೊತ್ತು.

ಶೂಟಿಂಗನ್ನು ರಿಂಗಿನಿಂದ ಎರಡು ಹೆಜ್ಜೆ ದೂರದಿಂದ ಶುರುಮಾಡಿಸುತ್ತೇನೆ, ಫ್ರೀ ಥ್ರೋ ಗೆರೆಯ ಹತ್ತಿರ ಬಿಡುವುದೇ ಇಲ್ಲ. ಎಸೆಯುವ ಕೈ ಬಾಲಿನ ಕೆಳಗೆ, ಮೊಣಕೈ ರಿಂಗಿಗೆ ನೇರ, ಇನ್ನೊಂದು ಕೈ ಪಕ್ಕದಲ್ಲಿ ಬರೀ ಆಸರೆಗೆ. ಬಲ ಬರಬೇಕಾದದ್ದು ಮಂಡಿಯಿಂದ. ಬಿಟ್ಟ ಮೇಲೆ ಮಣಿಕಟ್ಟು ಮುಂದಕ್ಕೆ ಬಾಗಿ ಹಾಗೇ ನಿಲ್ಲಬೇಕು, ಬಾಲು ರಿಂಗ್ ಮುಟ್ಟುವ ತನಕ ಕೈ ಇಳಿಸಬಾರದು. ಮೊದಲು ರಿಂಗಿಲ್ಲದೆ, ಅಂಗಾತ ಮಲಗಿಸಿ, ಬಾಲನ್ನು ಒಂದೇ ಕೈಯಲ್ಲಿ ನೇರ ಮೇಲಕ್ಕೆ ಎಸೆದು ಹಿಡಿಯಿಸುತ್ತೇನೆ. ಮುಖದ ಮೇಲೇ ವಾಪಸು ಬಿದ್ದರೆ ಕೈ ನೇರ ಇದೆ ಅಂತ ಲೆಕ್ಕ. ನಗುತ್ತಾ ನಗುತ್ತಾ ಕಲಿಯುತ್ತಾರೆ. ಪಕ್ಕದಿಂದ ಹಾಕುವಾಗ ಬೋರ್ಡಿನ ಮೇಲಿನ ಚೌಕದ ಮೇಲ್ಮೂಲೆಗೆ ಗುರಿ ಇಡಬೇಕು, ನೇರ ರಿಂಗಿಗಲ್ಲ.

ಡ್ರಿಬ್ಲಿಂಗ್ ಬರುವುದು ಇದೆಲ್ಲಾ ನಡೆಯುತ್ತಿರುವಾಗ, ಸಿಮೆಂಟಿನ ಮೇಲೆ, ಇಲ್ಲವೇ ಮಳೆಗಾಲದಲ್ಲಿ ಶಾಲೆಯ ವರಾಂಡದಲ್ಲಿ. ಅಂಗೈಯಲ್ಲಿ ಬಡಿಯಬೇಡ, ಬೆರಳಲ್ಲಿ ಒತ್ತು ಅಂತ ಸಾವಿರ ಸಲ ಹೇಳಿದರೂ ಅಂಗೈಯಲ್ಲೇ ಬಡಿಯುತ್ತಾರೆ. ಅದಕ್ಕೆ ಒಂದು ಉಪಾಯ ಮಾಡಿದೆ. ಬಣ್ಣದ ಸೀಮೆಸುಣ್ಣವನ್ನು ಪುಡಿಮಾಡಿ ಬಾಲಿಗೆ ದಪ್ಪವಾಗಿ ಸವರಿ ಕೊಟ್ಟೆ. ಒಂದು ನಿಮಿಷ ಪುಟಿಸಿ, ಆಮೇಲೆ ಎಲ್ಲರೂ ಕೈ ಚಾಚಿ ಅಂದೆ. ಸಾಲಾಗಿ ಚಾಚಿದ ಕೈಗಳಲ್ಲಿ ಎಲ್ಲವೂ ಬರೆದಿತ್ತು. ಕೆಲವರ ಅಂಗೈ ನಡುವೆ ಗುಲಾಬಿ ಬಣ್ಣದ ಮುದ್ದೆ, ಬೆರಳೆಲ್ಲ ಖಾಲಿ. ಆರನೇ ಕ್ಲಾಸಿನ ಒಬ್ಬಳ ಕೈಯಲ್ಲಿ ಮಾತ್ರ ಐದೂ ಬೆರಳಿನ ಮೆತ್ತನೆಯ ಭಾಗಕ್ಕೆ ಬಣ್ಣ, ಬೆರಳ ಬುಡದ ಗಂಟುಗಳ ಮೇಲೆ ಒಂದು ತೆಳುಪಟ್ಟಿ, ಅಂಗೈ ಗುಳಿ ತೊಳೆದಿಟ್ಟ ಹಾಗೆ ಬಿಳಿ. "ಎಲ್ರೂ ಇವಳ ಕೈ ನೋಡ್ರಪ್ಪ" ಅಂದೆ. ಅವಳು ಮನೆಯಲ್ಲಿ ದಿನಾ ರಾಗಿ ರೊಟ್ಟಿ ತಟ್ಟುವವಳು. ಬೆರಳಲ್ಲಿ ಒತ್ತುವುದು ಅವಳಿಗೆ ಹೊಸದಾಗಿರಲಿಲ್ಲ ಅಂತ ಕಾಣುತ್ತದೆ.

ಕಣ್ಣು ನೆಲಕ್ಕೆ ಅಂಟುವುದನ್ನು ತಪ್ಪಿಸಲು ನಾನು ಎದುರು ನಿಂತು ಬೆರಳು ತೋರಿಸುತ್ತೇನೆ, ಅವರು ಪುಟಿಸುತ್ತಲೇ ಎಷ್ಟು ಅಂತ ಕೂಗಬೇಕು. ಎಡಗೈಗೂ ಅಷ್ಟೇ ಹೊತ್ತು. ಪುಟಿಸುವುದನ್ನು ನಿಲ್ಲಿಸಿ ಎರಡೂ ಕೈಯಲ್ಲಿ ಹಿಡಿದ ಮೇಲೆ ಮತ್ತೆ ಪುಟಿಸಿದರೆ ಡಬಲ್ ಡ್ರಿಬಲ್ ಅನ್ನುವ ತಪ್ಪು. ನಿಲ್ಲುವುದು, ಕಂಬದ ಕಾಲು, ಪಾಸು ಮೊದಲೇ ಬಂದಿರುವುದರಿಂದ ನಮ್ಮ ಮಕ್ಕಳು ಇಲ್ಲಿ ಗಾಬರಿಬೀಳುವುದಿಲ್ಲ. ಹಿಡಿದ ಮೇಲೆ ಏನು ಮಾಡಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ಲೇಅಪ್‌ಗೆ, ಅಂದರೆ ಓಡಿ ಬಂದು ರಿಂಗಿನ ಹತ್ತಿರ ಹಾರಿ ಬಾಲ್ ಹಾಕುವುದಕ್ಕೆ, ನೆಲದ ಮೇಲೆ ಹೆಜ್ಜೆಗುರುತು ಬರೆಯುತ್ತೇನೆ. ಬಲಗಡೆಯಿಂದ ಹೋಗುವಾಗ ಬಲಗಾಲು, ಎಡಗಾಲು, ಹಾರು. ಬಲಮಂಡಿ ಮೇಲೆ, ಬಲಗೈ ಮೇಲೆ. ಮೊದಲು ಬಾಲಿಲ್ಲದೆ ನಡೆದು, ಆಮೇಲೆ ಬಾಲ್ ಹಿಡಿದು ನಡೆದು, ಕೊನೆಗೆ ಪುಟಿಸುತ್ತಾ ಓಡಿ ಬಂದು.

ಕಬಡ್ಡಿಯವರ ಕತೆಗೆ ಬರೋಣ. ಎದುರಾಳಿ ಹತ್ತಿರ ಬಂದರೆ ಕಬಡ್ಡಿ ಆಡುವ ಹುಡುಗನ ಕೈ ತಾನಾಗಿಯೇ ಅವನ ಸೊಂಟಕ್ಕೆ ಹೋಗುತ್ತದೆ. ಅವನಿಗೆ ಅದೇ ಪ್ರತಿಭೆ, ಅದಕ್ಕೇ ಅವನನ್ನು ಹೋಬಳಿ ಮಟ್ಟಕ್ಕೆ ಆರಿಸಿರುತ್ತಾರೆ. ಇಲ್ಲಿ ಅದು ಫೌಲ್, ಐದು ಫೌಲ್ ಆದರೆ ಆಟದಿಂದ ಹೊರಗೆ. ಒಬ್ಬ ಹುಡುಗ ಮೊದಲ ನಾಲ್ಕು ನಿಮಿಷದಲ್ಲೇ ಐದನ್ನೂ ಮುಗಿಸಿಬಿಡುತ್ತಿದ್ದ. "ನಾನು ಅವನನ್ನ ಬೀಳಿಸಲೇ ಇಲ್ಲ ಮಿಸ್, ಬರೀ ಹಿಡ್ಕೊಂಡೆ" ಅನ್ನುವುದು ಅವನ ವಾದ. ಅಂಥವರ ಎರಡೂ ಕೈಗೆ ಒಂದೊಂದು ಟೆನಿಸ್ ಬಾಲ್ ಕೊಟ್ಟು ಡಿಫೆನ್ಸ್ ಆಡಿಸುತ್ತೇನೆ. ಕೈಯಲ್ಲಿ ಏನೋ ಇದ್ದಾಗ ಹಿಡಿಯುವುದಕ್ಕೆ ಆಗುವುದಿಲ್ಲ, ಅನಿವಾರ್ಯವಾಗಿ ಕಾಲು ಓಡಿಸಬೇಕಾಗುತ್ತದೆ. ಪ್ರತಿಯೊಬ್ಬರಿಗೂ ನೆಲದಿಂದ ಮೇಲಕ್ಕೆ ಅವರವರ ಜಾಗ ಅಂತ ಒಂದಿದೆ, ಕೈ ನೇರ ಮೇಲೆತ್ತಿ ನಿಂತರೆ ಆ ಜಾಗ ನಿಂದೇ, ಯಾರೂ ಕೇಳುವಂತಿಲ್ಲ ಅಂತ ಹೇಳಿಕೊಟ್ಟ ಮೇಲೆ ಅದೇ ಹುಡುಗ ನಮ್ಮಲ್ಲಿ ಒಳ್ಳೆಯ ಡಿಫೆಂಡರ್ ಆದ. ಮಂಡಿ ಬಗ್ಗಿಸಿ ಪಕ್ಕಕ್ಕೆ ಸರಿಯುವ ನಡಿಗೆ ಅವನಿಗೆ ಕಬಡ್ಡಿಯಿಂದಲೇ ಬಂದಿತ್ತಲ್ಲ.

ಆಟ ಅಂತ ಆಡಿಸುವುದು ಮೂರು ಮೂರು ಜನ, ಅರ್ಧ ಕೋರ್ಟಿನಲ್ಲಿ. ಐದೈದು ಜನರನ್ನು ಬಿಟ್ಟರೆ ಇಬ್ಬರು ಆಡುತ್ತಾರೆ, ಎಂಟು ಜನ ಹಿಂದೆ ಓಡಾಡುತ್ತಾರೆ. ಮೂರು ಮೂರು ಆಟ ಟೋಕಿಯೋ ಒಲಿಂಪಿಕ್ಸಿನಿಂದ ಪದಕದ ಆಟವೇ ಆಗಿದೆ, ಹತ್ತು ನಿಮಿಷ, ಅಷ್ಟರೊಳಗೆ ಯಾರಾದರೂ 21 ಮುಟ್ಟಿದರೆ ಅಲ್ಲಿಗೇ ಮುಗಿಯಿತು. ಇದು ಮಕ್ಕಳಾಟ ಅಂತ ಮೂಗು ಮುರಿಯುವ ದೊಡ್ಡ ಹುಡುಗರಿಗೆ ಇಷ್ಟು ಹೇಳಿದರೆ ಸಾಕು.

ಎತ್ತರದ ಪ್ರಶ್ನೆ ಬರದ ವರ್ಷವಿಲ್ಲ. ಎರಡು ತರಹದ ತಾಯಂದಿರು ಬರುತ್ತಾರೆ. ಒಬ್ಬರು, "ನಮ್ಮೋಳು ಕುಳ್ಳಿ ಮೇಡಂ, ಇವಳಿಗೆ ಯಾಕೆ ಈ ಆಟ" ಅನ್ನುವವರು. ಇನ್ನೊಬ್ಬರು, "ಇದನ್ನ ಆಡಿದ್ರೆ ಉದ್ದ ಆಗ್ತಾಳಂತಲ್ಲ ಮೇಡಂ" ಅನ್ನುವವರು. ಎರಡನೆಯವರಿಗೆ, ಇಲ್ಲಮ್ಮ, ಎತ್ತರ ಅಪ್ಪ ಅಮ್ಮನಿಂದ ಬರೋದು, ಊಟ ನಿದ್ದೆ ಸರಿಯಾಗಿ ನೋಡ್ಕೊಳ್ಳಿ, ಆಟದಿಂದ ಉದ್ದ ಆಗಲ್ಲ ಅಂತ ನೇರವಾಗಿ ಹೇಳುತ್ತೇನೆ. ಉದ್ದ ಇರುವವರು ಈ ಆಟಕ್ಕೆ ಬರುತ್ತಾರೆ, ಅದನ್ನು ನೋಡಿ ಆಟದಿಂದ ಉದ್ದ ಆದರು ಅಂದುಕೊಳ್ಳುತ್ತೇವೆ. ಮೊದಲನೆಯವರಿಗೆ ಮಗ್ಸಿ ಬೋಗ್ಸ್ ಹೆಸರು ಹೇಳುತ್ತೇನೆ. 5 ಅಡಿ 3 ಇಂಚಿನ ಮನುಷ್ಯ ಎನ್‌ಬಿಎಯಲ್ಲಿ 14 ಸೀಸನ್ ಆಡಿದ. ಎತ್ತರ ಬೇಡವೇ ಬೇಡ ಅಂತಲ್ಲ. 2015ರಲ್ಲಿ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ, ಪಂಜಾಬಿನ ಸತ್ನಾಮ್ ಸಿಂಗ್, ಏಳು ಅಡಿ ದಾಟಿದವರು. ಆದರೆ ಐದನೇ ಕ್ಲಾಸಿನಲ್ಲಿ ಯಾರು ಎಷ್ಟು ಬೆಳೆಯುತ್ತಾರೆ ಅಂತ ಯಾರಿಗೆ ಗೊತ್ತು? ಉದ್ದ ಇದ್ದಾನೆ ಅಂತ ಒಬ್ಬನನ್ನು ಮೊದಲೇ ರಿಂಗಿನ ಕೆಳಗೆ ನಿಲ್ಲಿಸಿ, ಬಾಲ್ ಪುಟಿಸಲು ಬಿಡದೆ ಬೆಳೆಸಿದರೆ, ಮುಂದೆ ಉಳಿದವರೂ ಅಷ್ಟೇ ಉದ್ದ ಆದಾಗ ಅವನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ನಮ್ಮಲ್ಲಿ ಎಲ್ಲರೂ ಎಲ್ಲಾ ಜಾಗದಲ್ಲೂ ಆಡುತ್ತಾರೆ.

ಹಾಜರಿಯ ವಿಷಯದಲ್ಲಿ ಕಟ್ಟುನಿಟ್ಟು ನಡೆಯುವುದಿಲ್ಲ. ಟೊಮ್ಯಾಟೊ ಕೀಳುವಾಗ ಹುಡುಗರಿರುವುದಿಲ್ಲ. "ಹುಳ ಹಣ್ಣಾಗಿದೆ ಮಿಸ್, ನಾಳೆ ಬರಲ್ಲ" ಅಂದರೆ ಕೋಲಾರದ ಯಾವ ಟೀಚರೂ ಮರುಮಾತಾಡುವುದಿಲ್ಲ. ಹಣ್ಣಾದ ರೇಷ್ಮೆಹುಳವನ್ನು ಗೂಡು ಕಟ್ಟಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟೆಗೆ ಬಿಡುವ ದಿನ ಮನೆಯ ಎಲ್ಲರ ಕೈಯೂ ಬೇಕು. ಹಾಗೆ ಹೋದವರು ತಿರುಗಿ ಬಂದಾಗ ಹಿಂದೆ ಬೀಳಬಾರದು ಅಂತಲೇ ಪ್ರತಿದಿನದ ಮೊದಲ ಹತ್ತು ನಿಮಿಷ ಓಡು-ನಿಲ್ಲು, ಪಾಸು. ಎಂಟನೇ ಕ್ಲಾಸಿನವರಿಗೂ ಅದೇ.

ಪೆಟ್ಟಿನ ಬಗ್ಗೆ ಎರಡು ಮಾತು. ಉಗುರು ಕತ್ತರಿಸಿರಬೇಕು, ಬಳೆ, ಓಲೆ, ಗೆಜ್ಜೆ ಬಿಚ್ಚಿಟ್ಟು ಬರಬೇಕು. ಸ್ಕೂಲಿನ ಕಪ್ಪು ಶೂ ಧೂಳಿನ ಸಿಮೆಂಟಿನಲ್ಲಿ ಜಾರುತ್ತದೆ, ಕ್ಯಾನ್ವಾಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಆಟಕ್ಕೆ ಮುಂಚೆ ಕಸ ಗುಡಿಸಿ ನೀರು ಚಿಮುಕಿಸಿ ಒಣಗಲು ಬಿಡಿ. ಹೊಸಬರಿಗೆ ಆಗುವ ಸಾಮಾನ್ಯ ಪೆಟ್ಟು ಬೆರಳ ತುದಿಗೆ ಬಾಲ್ ಬಡಿದು ಗಂಟು ಊದುವುದು. ನಮ್ಮ ಕಡೆ ಕೂಡಲೇ ಯಾರಾದರೂ ದೊಡ್ಡವರು ಬಂದು ಆ ಬೆರಳನ್ನು ಎಳೆದು ನೆಟಿಗೆ ತೆಗೆಯುತ್ತಾರೆ. ದಯವಿಟ್ಟು ಬೇಡ. ಒಳಗೆ ಬಿರುಕಿದ್ದರೆ ಎಳೆದು ಇನ್ನಷ್ಟು ಕೆಡಿಸಿದ ಹಾಗಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿ, ಬೆರಳು ಸೊಟ್ಟಗಾಗಿದ್ದರೆ ಅಥವಾ ಮಡಚಲು ಆಗದಿದ್ದರೆ ಎಕ್ಸ್‌ರೇ ಮಾಡಿಸಿ.

ಇದಕ್ಕಿಂತ ದೊಡ್ಡದು ಕಂಬ. 2025ರ ನವೆಂಬರಿನಲ್ಲಿ ಹರಿಯಾಣದಲ್ಲಿ ರಿಂಗಿನ ಕಂಬ ಮೈಮೇಲೆ ಕುಸಿದು ಹದಿಹರೆಯದ ಆಟಗಾರರು ತೀರಿಕೊಂಡರು. ಆ ಸುದ್ದಿ ಓದಿದ ಮರುದಿನವೇ ನಮ್ಮ ಕಂಬದ ಬುಡದ ಮಣ್ಣು ಬಗೆಸಿ ನೋಡಿದೆ. ಹೊರಗೆ ಬಣ್ಣ ಚೆನ್ನಾಗಿರುತ್ತದೆ, ತುಕ್ಕು ಹಿಡಿಯುವುದು ನೆಲ ಸೇರುವ ಜಾಗದಲ್ಲಿ. ಸುತ್ತಿಗೆಯಲ್ಲಿ ತಟ್ಟಿದಾಗ ಸದ್ದು ಬದಲಾದರೆ, ಅಲ್ಲಾಡಿಸಿದಾಗ ಬುಡ ಮಿಸುಕಿದರೆ ಆ ದಿನದಿಂದಲೇ ಆಟ ಬಂದ್. ರಿಂಗಿಗೆ ನೇತಾಡುವುದು ನಮ್ಮಲ್ಲಿ ಯಾರಿಗೂ, ಮೇಷ್ಟ್ರುಗಳಿಗೂ ಇಲ್ಲ. ಕಂಬಕ್ಕೆ ಎದೆಯೆತ್ತರದ ತನಕ ಹಳೇ ಹಾಸಿಗೆಯ ಹತ್ತಿ ತುಂಬಿದ ಗೋಣಿಚೀಲ ಸುತ್ತಿದ್ದೇವೆ, ಓಡಿ ಬಂದವರು ಗುದ್ದಿಕೊಳ್ಳದಿರಲಿ ಅಂತ.

ಕೊನೆಗೆ ಎಲ್ಲರೂ ಕೇಳುವುದು, ದೊಡ್ಡ ರಿಂಗಿಗೆ ಯಾವಾಗ? ವಯಸ್ಸಿನ ಮೇಲೆ ನಾನು ನಿರ್ಧರಿಸುವುದಿಲ್ಲ. 2.60ರ ರಿಂಗಿಗೆ ನಾಲ್ಕು ಮೀಟರ್ ದೂರದಿಂದ ಹಾಕುವಾಗ ಬಾಲು ಸೊಂಟಕ್ಕೆ ಇಳಿಯದೆ, ಮೊಣಕೈ ಪಕ್ಕಕ್ಕೆ ತೆರೆಯದೆ ಇದ್ದರೆ ಆ ಮಗು ತಯಾರು. ಆಗಲೂ ಬಾಲು 5ನೇ ಸೈಜೇ ಇರುತ್ತದೆ, ಎತ್ತರ ಮಾತ್ರ ಬದಲಾಗುತ್ತದೆ, ಮತ್ತೆ ರಿಂಗಿನಿಂದ ಎರಡು ಹೆಜ್ಜೆ ದೂರದಿಂದಲೇ ಶುರು. ತಾಲ್ಲೂಕು ಮಟ್ಟದ ಆಟಕ್ಕೆ ಹೆಸರು ಕೊಡುವವರಿಗೆ ಮುಂಚಿತವಾಗಿಯೇ ಇದನ್ನು ಮಾಡಿಸಬೇಕು, ಅಲ್ಲಿ ಯಾರೂ ನಮಗಾಗಿ ರಿಂಗ್ ಇಳಿಸುವುದಿಲ್ಲ. ಸಂಜೆ ಆಟ ಮುಗಿದ ಮೇಲೆ ಕ್ಲಾಂಪನ್ನು ಕೆಳಗಿನ ತೂತಿಗೆ ಇಳಿಸಿ, ಬೋಲ್ಟ್ ಬಿಗಿ ಮಾಡಿ, ಸ್ಪ್ಯಾನರ್ ಸ್ಟಾಫ್ ರೂಮಿನ ಬೀರುವಿನಲ್ಲಿಟ್ಟು ಬೀಗ ಹಾಕುತ್ತೇನೆ. ಹೊರಗೆ ಬಿಟ್ಟರೆ ಎಂಟನೇ ಕ್ಲಾಸಿನವರು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆಯೇ ರಿಂಗನ್ನು ಮತ್ತೆ ಮೇಲಕ್ಕೆ ಏರಿಸಿರುತ್ತಾರೆ.